ಕಿತ್ತಳೆ ಸಿಪ್ಪೆಯ ಡಬ್ಬಿ

ಪಾಳಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುತ್ತಿದ್ದ ನರ್ಸಿಗೆ ಮುಂದಿನ ಸೀಟಿನ ಅಕ್ಕತಂಗಿಯರ ಮಾತು ಕೇಳಿ ನಿದ್ದೆ ಹಾರಿತು. ಅಕ್ಕನ ಮಡಿಲಲ್ಲಿ ಸಕ್ಕರೆಯಲ್ಲಿ ಹೊರಳಿಸಿದ ಕಿತ್ತಳೆ ಸಿಪ್ಪೆಯ ಡಬ್ಬಿಯಿತ್ತು.

"ಮಗಳ ಮದುವೆಗೆ ಭಾವ ನಿನ್ನನ್ನ ಕರೆದೇ ಇಲ್ಲವಲ್ಲ, ಅಕ್ಕ."

"ನನ್ನ ಬಿಟ್ಟುಹೋದೋರು ಕರೆದಿಲ್ಲ, ಅಷ್ಟೆ. ಕೇಕಿನ ಮೇಲೆ ಅಮ್ಮ ಮಾಡಿದ ಸಿಪ್ಪೆನೇ ಇರಬೇಕು ಅಂದಿದಾಳೆ ಮಗಳು."

"ಅಂಗಡೀಲಿ ಸಿಗಲ್ವಾ ಅಂತಾರೆ ಭಾವ."

"ಅದು ಬರೀ ಕಹಿ. ನಾನು ಕಹಿ ಬಿಡೋವರೆಗೂ ಕುದಿಸಿ ಕುದಿಸಿ ನೀರು ಚೆಲ್ಲಿ, ಆಮೇಲೆ ಪಾಕಕ್ಕೆ ಹಾಕಿದೀನಿ."

"ಬಾಗಿಲಲ್ಲೇ ತಡೆದ್ರೆ?"

"ತಡೀಲಿ. ಮೆಟ್ಟಿಲ ಮೇಲೆ ಕೂತು ಬಂದೋರಿಗೆಲ್ಲ ಒಂದೊಂದು ಕೊಡ್ತೀನಿ. ಯಾರು ಮಾಡಿದ್ದು ಅಂತ ಕೇಳಿದ್ರೆ, ಹುಡುಗಿ ತಾಯಿ ಅಂತೀನಿ. ನಿನ್ನನ್ನ ಕರೆದಿದಾರೆ, ನೀನು ಒಳಗೆ ಹೋಗು."

ನಿಲ್ದಾಣ ಬಂತು.

"ಮೆಟ್ಟಿಲು ಇಬ್ಬರಿಗೂ ಸಾಲುತ್ತೆ ಬಿಡು," ಎಂದ ತಂಗಿ ಡಬ್ಬಿಯನ್ನು ತಾನೇ ಎತ್ತಿಕೊಂಡು ಮೊದಲು ಇಳಿದಳು.