ತಿಂಗಳಿಗೊಂದು ಸೂಜಿ

ಅಯ್ಯ, ತಿಕ್ಕಬ್ಯಾಡ್ರೀ! ಡಾಕ್ಟರ್ ಈಗರ ಹೇಳಿ ಕಳಿಸ್ಯಾರ, ಸೂಜಿ ಚುಚ್ಚಿದಲ್ಲಿ ಕೈ ಹಚ್ಚಬಾರದಂತ. ಗಂಟ ಹತ್ತತೈತಿ ಕೈಗೆ? ಹತ್ತಲಿ ಬಿಡ್ರಿ... ಅದ ಔಷಧ.

ಇಲ್ಲಿ ಕೂಡ್ರಿ, ನೆಳ್ಳಿಗೆ. ನಮ್ಮ ಇರಕಲ್ಲಗಡದ ಬಸ್ಸ ಇನ್ನೂ ಬಂದಿಲ್ಲ. ಯಲಬುರ್ಗಾದ್ದು... ಅದೂ ಬಂದಿಲ್ಲ.

ಯಾಕ ನಗ್ತೀರಿ? ಸಿಸ್ಟರ್ ‘ಯಂಕೇಶ ಯಾರು’ ಅಂದ್ರ ನಾ ಎದ್ದ ನಿಂತಿದ್ದಕ್ಕ? ರೂಢಿ ಆಗೇತ್ರಿ! ಇಷ್ಟ ವರ್ಷ ನಿಮ್ಮ ಹೆಸರಿಗೆ ‘ಓ’ ಅಂದಾಕಿ ನಾನ ಅಲ್ಲ?

ಡಾಕ್ಟರ್ ಹೇಳಿದ್ದು ತಿಳೀತಿಲ್ಲೋ? ಲಿಕ್ವಿಡ್ ಕ್ರಿಸ್ಟಲ್ ಅಂತ. ಸೂಜ್ಯಾಗ ಎಣ್ಣಿಗತೆ ತೆಳ್ಳಗ ಇರತೈತಿ. ಚರ್ಮದ ಕೆಳಗ ಹೋತಂದ್ರ ಮೈಯಾಗಿನ ನೀರ ಹೀರಿ ಗಟ್ಟಿ ಅಂಟ ಆಗತೈತಿ. ಅದರಾಗ ಕಣ್ಣಿಗೆ ಕಾಣದಂಥಾ ಸಂದಿ ಅದಾವಂತ... ಅಲ್ಲಿಂದ ಔಷಧ ಒಂಚೂರ, ಒಂಚೂರ ಇಳಕೋಂತ ಇರತೈತಿ, ತಿಂಗಳತನಕ. ಕಿವ್ಯಾಗ ಯಾರ‍್ಯಾರೋ ಮಾತಾಡೂದು ಕಡಿಮಿ ಆಗತೈತಿ. ದಿನಾ ಗುಳಿಗಿ ಇಲ್ಲ!

ಗುಳಿಗಿ ಇಲ್ಲಾಂದ್ರ ಜಗಳಿಲ್ಲ. ‘ಬಾಯಿ ತಗೀರಿ, ನಾಲಗಿ ಎತ್ರಿ’... ನೀವ ದನದ ಗ್ವಾದ್ಲ್ಯಾಗ ಉಗುಳೂದು, ನಾ ಕೈ ಹಾಕಿ ಹುಡುಕೂದು. ನಾ ಪೊಲೀಸ, ನೀವ ಕಳ್ಳ. ಗಂಡ ಹೆಂಡ್ತಿಗತೆ ಎಂದರ ಮಾತಾಡೇವ?

ಅವತ್ತ ಬರಿಗಾಲಲೇ ಕುಷ್ಟಗಿ ದಾರಿ ಹಿಡದ ಹೋಗಿದ್ರಿ. ಯಾರದೋ ದಾಳಿಂಬ್ರಿ ತ್ವಾಟದಾಗ ಸಿಕ್ರಿ... ನನ್ನ ನೋಡಿ ‘ಈಕಿ ಯಾರು’ ಅಂದ್ರಿ. ಇರ್ಲಿ ಬಿಡ್ರಿ, ಅಳಬ್ಯಾಡ್ರಿ. ಅದು ಬ್ಯಾನಿ ಮಾತು, ನಿಮ್ಮ ಮಾತಲ್ಲ.

ಏನು... ಈ ಚೀಲ? ಹೇಳಿದ್ನಲ್ರಿ, ಯಲಬುರ್ಗಾದ ಹಾಸ್ಟೆಲ್‌ನಾಗ ಅಡಗಿ ಕೆಲಸ ಸಿಕ್ಕೇತಿ ಅಂತ. ಇರಾಕ ಖೋಲಿ ಕೊಡ್ತಾರ. ಊರಾಗ ನಿಮ್ಮಕ್ಕ ಹುಲಿಗವ್ವ ಅದಾಳ, ಬಸ್ ಸ್ಟ್ಯಾಂಡಿಗೇ ಬಂದ ನಿಂತಿರತಾಳ. ಮುಂದಿನ ಸೂಜಿಗೂ ಆಕೀನ ನಿಮ್ಮನ್ನ ಕರಕೊಂಡ ಬರತಾಳ, ಡಾಕ್ಟರಿಗೆ ಫೋನಿನಾಗ ಹೇಳ್ಯಾಳ. ಭಾಳ ಜೀವ ಆಕೀಗೆ ನೀವಂದ್ರ. ನಾನೂ ಶನಿವಾರಕ್ಕೊಮ್ಮಿ ಬರತೀನಿ. ಶನಿವಾರ ಆಗಲಿಲ್ಲಾಂದ್ರ ಐತಾರ. ಹಬ್ಬಕ್ಕಂತೂ... ಹಬ್ಬಕ್ಕ...

ಯಾಕ ಹಂಗ ನೋಡ್ತೀರಿ?

ಬಂತ ನೋಡ್ರಿ, ಯಲಬುರ್ಗಾದ್ದ ಬಂತು! ಅಯ್ಯ, ಚೀಲಾ ನೀವ್ಯಾಕ ಹೊತಗೊಂಡ್ರಿ, ತೋಳ ನೋಯತೈತಿ... ಕಿಡಕ್ಯಾಗಿಂದ ಚೀಲ ಹಾಕಿ ಸೀಟ ಹಿಡದ್ರ್ಯಾ? ನನಗ?

ಹೂಂ... ಹತ್ತತೀನಿ. ನೀವ ಏನರ ಅನ್ರಿ! ‘ಶನಿವಾರ ಖರೇನ ಬರತೀ ಏನು’ ಅಂತ ಒಂದ ಸಲರ ಕೇಳ್ರಿ... ಕೇಳ್ರೀ...

ಕೇಳಿದ್ರ, ಬರತೀನಿ ಅಂತ ಸುಳ್ಳರ ಹೇಳ್ತಿದ್ನಲ್ರಿ ನಾ.