ಕಾಸಿದ ಹಲಿಗಿ

ಕರೆಂಟ್ ಹೋತಲ್ಲ, ಇನ್ನ ಹೇಳಾಕ ಅಡ್ಡಿ ಇಲ್ಲ. ಆದ್ರ ನಡುವ ಯಾರೂ ನಗಬಾರದು. ನಗೋರು ಈಗ ಕೆಳಗ ಹೋಗಿ ಮಲಕೋರಿ. ಇದು ಯಾರೋ ಎಲ್ಲೋ ಕೇಳಿ ಬಂದು ಹೇಳಿದ್ದಲ್ಲ. ನಮ್ಮ ಕಾಕಾನ ಮಗ ಅನಿಲಕುಮಾರ ಇದ್ದಾನಲ್ಲ, ಅವನಿಗೆ ಆಗಿದ್ದು. ಕಡೀಕ ನನಗೂ ಆತು...

ಗಜೇಂದ್ರಗಡದ ಹೊರಗ, ರೋಣದ ರಸ್ತಾದ ಕಡೆ ಒಂದು ಹತ್ತಿ ಗೋದಾಮು. ಅಲ್ಲಿಂದ ಊರಿಗೆ ಬರಬೇಕಂದ್ರ ಹಾಳುಬಾವಿ ದಾಟಬೇಕು. ಒಂದಿನ ರಾತ್ರಿ, ಊರೆಲ್ಲಾ ಮಲಗಿದ ಮ್ಯಾಲ, ಅನಿಲ ಮತ್ತ ಅವನ ಗೆಳೆಯ ಸಾಜೀದ ಆ ದಾರಿ ಹಿಡಿದು ಮನಿಗೆ ಬರಾಕತ್ತಿದ್ರು. ಸಾಜೀದನ ಬೆನ್ನಿಗೆ ಗಿಟಾರ್. ಛಳಿ ಇತ್ತು. ನಾಯಿ ಸೈತ ಬೊಗಳವಲ್ದಾಗಿತ್ತು. ಬಾವಿ ಹಂತ್ಯಾಕ ಬಂದ್ರೂ ನೋಡ್ರಿ... ಹಿಂದ ಸಪ್ಪಳ ಬಿಡವಲ್ದು.

ಚಟ್... ಚಟ್... ಧಣ್.

"ಸಾಜೀದ, ಇನ್ನೂ ಕೇಳಸ್ತೈತೇನ?"

"ಸುಮ್ನ ನಡಿ."

"ಹಲಿಗಿ ಗೋದಾಮಿನ್ಯಾಗ ಬಿಟ್ಟು ಕೀಲಿ ಹಾಕೇವಲ್ಲೋ..."

"ಹಾಕೇವಿ. ಹಿಂದ ನೋಡಬ್ಯಾಡ."

"ಮತ್ತ ಯಾರು ಬಾರಸಾಕತ್ತಾರ?"

 ಅನಿಲ ಸಾಜೀದನ ಮಾರಿ ನೋಡಿದ. ಗಲ್ಲದ ಮ್ಯಾಲ ನೀರು ಹರೀಲಿಕತ್ತಿತ್ತು. ಹೆದರಿ ಅಲ್ಲ. ಆ ಕೈ ಯಾರದು ಅಂತ ಅವನಿಗೆ ಗೊತ್ತಿತ್ತು. ಅದು ಅವನ ತಮ್ಮ ಶಾಹೀದನ ಕೈ. ಶಾಹೀದನ್ನ ಅದs ವರ್ಷ ಮಳಿಗಾಲದಾಗ ಮಣ್ಣು ಮಾಡಿ ಬಂದಿದ್ರು.

ತಡೀರಿ, ಮೊದಲಿಂದ ಹೇಳ್ತೀನಿ.

ಎರಡು ಸಾವಿರದ ಆರು-ಏಳರ ಮಾತು. ಸಾಜೀದ, ಶಾಹೀದ, ಅನಿಲ, ಮೂರೂ ಮಂದಿ ಕೂಡಿ ಒಂದು ಬ್ಯಾಂಡ್ ಕಟ್ಟಿದ್ರು. ಮದುವಿ ಬ್ಯಾಂಡ್ ಅಲ್ಲರಿ, ರಾಕ್ ಬ್ಯಾಂಡ್! ಗಜೇಂದ್ರಗಡದಾಗ! ಸಾಜೀದ ಗಿಟಾರ್ ಬಾರಿಸಿ ಹಾಡ್ತಿದ್ದ, ನಮ್ಮ ಅನಿಲಂದು ದಪ್ಪ ತಂತಿ ಗಿಟಾರ್. ಶಾಹೀದ ಡ್ರಮ್ ಬ್ಯಾಡ ಅಂದು ನಮ್ಮ ಚರ್ಮದ ತಮಟಿ, ಹಲಿಗಿ ಹಿಡಿದ. ಸಣ್ಣಾವಿದ್ದಾಗ ಮೊಹರಂದಾಗ ಹಲಿಗಿ ಬಾರಸೋ ದ್ಯಾವಪ್ಪಜ್ಜನ ಬೆನ್ನು ಹತ್ತಿ ಹತ್ತಿ ಕಲಿತಾವ ಅವ. ನಾನೂ ಅವರನ್ನ ಭಾಳ ಕಾಡೇನಿ ಬಿಡ್ರಿ. "ಏನ್ರೋ ಇದು, ಹಾಡೋ, ಜಗಳೋ?" ಅಂತಿದ್ದೆ. ಶಾಹೀದ ಹಲ್ಲು ಕಿಸೀತಿದ್ದ.

ಮೊದಲನೇ ಆಲ್ಬಮ್ 'ಸಂತಿ ದಿನ'. ಕಂಪನಿ ಗಿಂಪನಿ ಏನೂ ಇಲ್ಲ. ತಾವೇ ಹುಬ್ಬಳ್ಳಿಗೆ ಹೋಗಿ ರೆಕಾರ್ಡ್ ಮಾಡಿಸಿ, ತಾವೇ ಕ್ಯಾಸೆಟ್ ಮಾರಿದ್ರು. ಟೆಂಪೋದವರು ಹಚ್ಚಿಕೊಂಡು ಓಡ್ಯಾಡಿದ್ರು. ಆದ್ರ ಅದರಾಗ ಹಲಿಗಿ ಇಲ್ಲ. ಸ್ಟುಡಿಯೋದಾಂವ "ನಿಮ್ಮ ಹಲಿಗಿಗೆ ನನ್ನ ಮೈಕ್ ಒಡದು ಹೋಗ್ತಾವು" ಅಂದು ಮಷೀನಿನ ತಾಳ ಹಾಕಿಬಿಟ್ಟ. ಶಾಹೀದ ಇಡೀ ದಿನ ಹೊರಗ ಚಹಾ ಕುಡಕೋಂತ ಕುಂತಿದ್ದನಂತ. ಬಸ್ಸಿನ್ಯಾಗ ಬರುವಾಗ ಸಾಜೀದ ಅವನ ಹೆಗಲ ಮ್ಯಾಲ ಕೈ ಹಾಕಿ ಅಂದ, "ಎರಡನೇದು ನಿನ್ನ ಹಲಿಗಿ ಮ್ಯಾಲs ನಿಂದ್ರತೈತಿ."

ಅಣ್ಣ-ತಮ್ಮರ ಅವ್ವ ಬೀಬಿಜಾನ ಚಾಚಿಗೆ ಹಲಿಗಿ ಕಂಡ್ರ ಆಗ್ತಿದ್ದಿಲ್ಲ. ನಮ್ಮ ಮನಿ, ಅವರ ಮನಿ ನಡುವ ಒಂದs ಗ್ವಾಡಿ. "ಮನ್ಯಾಗ ಅದನ್ನ ತರಬ್ಯಾಡ, ನಿಮ್ಮಪ್ಪ ಇದ್ದಿದ್ರ ಕೈ ಮುರೀತಿದ್ದ" ಅಂತ ಬೈತಿದ್ಳು. ಅವ ಪಾಪ ಹೊರಗ ಗುಡ್ಡದ ಬುಡಕ್ಕ ಹೋಗಿ ಬಾರಸ್ತಿದ್ದ. ಅಲ್ಲಿಂದನೂ ಸಪ್ಪಳ ಬರ್ತಿತ್ತು. ಬಂದ ಕೂಡಲೇ ಚಾಚಿ ಕಿಡಕಿ ಮುಚ್ಚಾಕಿ. ಧಡಕ್! ಆಮ್ಯಾಲ ಚಿಲಕ, ಕಿರ್ರ್... ಟಕ್. ಇದನ್ನ ನಾ ದಿನಾ ಕೇಳೇನಿ.

ಎರಡನೇ ಆಲ್ಬಮ್ ಶುರು ಮಾಡಬೇಕು ಅನ್ನೋದ್ರಾಗ ಶಾಹೀದ ಹಲಿಗಿಗೆ ಹೊಸಾ ಚರ್ಮ ಹಾಕಿಸಾಕಂತ ಕೊಣ್ಣೂರು ದಾಟಿ ಹೋದ. ಬರುವಾಗ ಹೊಳಿ ತುಂಬಿತ್ತು. ಸೇತುವಿ ಮ್ಯಾಲ ನೀರು. ದಂಡಿ ಮ್ಯಾಲಿದ್ದವರು ಬ್ಯಾಡೋ ಬ್ಯಾಡೋ ಅಂದ್ರೂ ನೀರಾಗ ಬೈಕ್ ಹಾಕಿದ... ಬೆನ್ನಿಗೆ ಕಟ್ಟಿದ್ದ ಹಲಿಗಿ ಮುಂಜಾನಿ ಜಾಲಿ ಕಂಟ್ಯಾಗ ಸಿಕ್ತು. ಅವ ಸಿಗಾಕ ಇನ್ನೂ ತಡ ಆತು. ಮನಿಗೆ ಹಲಿಗಿನೇ ಮೊದಲು ಬಂತು. ಅದನ್ನ ಒಳಗ ತಂದಾಗ ಚಾಚಿ ಬ್ಯಾಡ ಅನ್ನಲಿಲ್ಲ.

ಮಣ್ಣಾದ ಮ್ಯಾಲ ಒಂದಿನ ಚಾಚಿ ಸಾಜೀದನ್ನ ಕರೆದು ಅಂದ್ಳು, "ಅವನ ಹಲಿಗಿ ಒಮ್ಮೆ ಹಚ್ಚೋ. ನಾ ಒಂದಿನನೂ ಕುಂತು ಕೇಳಿಲ್ಲ."

ಹಚ್ಚಾಕ ಎಲ್ಲೈತಿ? 'ಸಂತಿ ದಿನ'ದಾಗ ಇಲ್ಲ. ಸಾಜೀದ ಹುಚ್ಚನಂಗ ತಿರುಗಿದ. ರೋಣ, ನರಗುಂದ, ಬೆಳವಣಕಿ... ಶಾಹೀದ ಬಾರಿಸಿದ್ದ ಮದುವಿ, ಮೆರವಣಿಗಿ, ಎಲ್ಲಾ ವಿಡಿಯೋ ಹುಡುಕಿದ. ಸಿಕ್ಕವು. ಆದ್ರ ಗೊತ್ತಲ್ಲ, ಮದುವಿ ವಿಡಿಯೋದವರು ಮ್ಯಾಲ ಸಿನಿಮಾ ಹಾಡು ಹಾಕ್ತಾರ! ಶಾಹೀದನ ಕೈ ಕಾಣ್ತೈತಿ, ಹಲಿಗಿ ಕಾಣ್ತೈತಿ, ಸಪ್ಪಳ ಯಾವುದೋ ಸಿನಿಮಾದ್ದು. ಇಡೀ ತಾಲೂಕಿನ್ಯಾಗ ಅವನ ಒಂದು ಪೆಟ್ಟೂ ಎಲ್ಲಿಯೂ ಉಳಿದಿದ್ದಿಲ್ಲ. 

ಆ ದುಃಖದಾಗs ಎರಡನೇ ಆಲ್ಬಮ್ ಆತು. 'ಹೊಳಿ ಆಚಿ ದಂಡಿ'. ಹತ್ತಿ ತುಂಬಿದ ಅಂಡಗಿ ಮೂಟಿ ನಡುವ ಹೊರಗಿನ ಸಪ್ಪಳ ಬರಂಗಿಲ್ಲಂತ ಗೋದಾಮಿನ್ಯಾಗ ಒಂದು ಹಳೇ ಕಂಪ್ಯೂಟರ್, ಎರಡು ಮೈಕ್ ಇಟ್ಟುಕೊಂಡು ಕುಂತ್ರು. ಎಲ್ಲಾ ನಿಧಾನ ಹಾಡು. ಕೇಳಿದ್ರ ಊಟ ಸೇರಬಾರದು, ಅಂಥಾವು.

"ಇವನ್ನ ಯಾರು ಕೇಳ್ತಾರೋ?" ಅಂದ ಅನಿಲ. "ತಾಳರ ಹಾಕಸೂಣು. ಬ್ಯಾರೆ ಯಾರನರ ಕರೀತೀನಿ."

"ಬ್ಯಾಡ. ಅವನ ಜಾಗಾ ಖಾಲಿ ಇರ್ಲಿ" ಅಂದ ಸಾಜೀದ. ಒಂದು ಕುರ್ಚಿ ಇಟ್ಟು, ಅದರ ಮ್ಯಾಲ ಹಲಿಗಿ ಇಟ್ಟಿದ್ದ.

ಕಡೀ ಹಾಡು ರೆಕಾರ್ಡ್ ಮಾಡೋ ರಾತ್ರಿ ನಮ್ಮ ಅನಿಲ ಒಂದು ತಪ್ಪು ಮಾಡಿದ. ಹಲಿಗಿ ಛಳಿಗೆ ಸಡ್ಲ ಆಗತೈತಿ, ಬದ್ ಬದ್ ಅಂತೈತಿ. ಬಾರಸೋ ಮೊದಲು ಬೆಂಕಿಗೆ ಹಿಡಿದು ಕಾಸಬೇಕು. ಬ್ಯಾಂಡಿನ್ಯಾಗ ಆ ಕೆಲಸ ಯಾವಾಗಲೂ ಅನಿಲಂದು. ಅವತ್ತೂ ಹಳೇ ಚಾಳಿ... ಏನೂ ವಿಚಾರ ಮಾಡದ ಹೊರಗ ಹತ್ತಿಕಟಗಿ ಹಚ್ಚಿ ಚಲೋತ್ನಂಗ ಕಾಸಿದ. ಬೆರಳಿಂದ ಬಡದು ನೋಡಿದ. ಟಣ್! ಅಂತು. ಆಗ ಎಚ್ಚರಾತು. ಕಾಸೇನಿ, ಬಾರಸವ್ರು ಯಾರು?

ಹಲಿಗಿಯವರದು ಒಂದು ರೂಢಿ ಐತ್ರಿ. ಕಾಸಿದ ಹಲಿಗಿ ಬಾರಸದ ಇಡಂಗಿಲ್ಲ. ಆರೋದ್ರಾಗ ಯಾರರ ಬಾರಸಬೇಕು. ದ್ಯಾವಪ್ಪಜ್ಜ ಇವರಿಗೆ ಎಷ್ಟೋ ಸಲ ಹೇಳಿದ್ದ, "ನೀವು ಬಾರಸಲಿಲ್ಲಂದ್ರ, ಬಾರಸವ್ರು ಬರ್ತಾರ ನೋಡ್ರೆಪಾ." ಇವರಿಬ್ಬರಿಗೂ ಹಲಿಗಿ ಬರಂಗಿಲ್ಲ. ಅನಿಲ ಬಾಯಿ ಮುಚ್ಚಿಕೊಂಡು ಅದನ್ನ ಹಂಗs ಕುರ್ಚಿ ಮ್ಯಾಲ ಇಟ್ಟ.

ಹಾಡು ಶುರು ಆತು. ಸಾಜೀದ ಅದನ್ನ ತಮ್ಮ ಸತ್ತ ಮ್ಯಾಲ ಬರೆದದ್ದು. ಶಾಹೀದ ಅದನ್ನ ಎಂದೂ ಕೇಳಿದವ ಅಲ್ಲ. ಮೊದಲನೇ ನುಡಿ ಮುಗೀತು. ಎರಡನೇದಕ್ಕ... ಹೆಡ್‌ಫೋನಿನ್ಯಾಗ...

ಚಟ್... ಚಟ್... ಧಣ್.

ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಯಾರೂ ಕೈ ನಿಲ್ಲಸಲಿಲ್ಲ. ನಿಲ್ಲಿಸಿದ್ರ ಅವ ಹೋಗಿಬಿಡ್ತಾನ ಅಂತ ಅನಸ್ತಂತ ಅನಿಲನಿಗೆ. ಹಲಿಗಿ ಕುರ್ಚಿ ಮ್ಯಾಲs ಇತ್ತು. ಅಳಗ್ಯಾಡಲಿಲ್ಲ. ಸಪ್ಪಳ ಮಾತ್ರ ಹಾಡಿನ ಕೂಡ ಹೆಜ್ಜಿ ಹಾಕೋಂತ ಬಂತು. ಹಾಡು ಮುಗೀತು, ಹಲಿಗಿ ಮುಗೀಲಿಲ್ಲ. ಇಬ್ಬರೂ ಕೀಲಿ ಹಾಕಿ ಹೊರಗ ಬಂದ್ರು. ಬಾವಿತನಕ ಅದು ಕೇಳಕೋಂತ ಬಂದದ್ದು ಮೊದಲs ಹೇಳಿದೆನಲ್ಲ. ಬಾವಿ ದಾಟಿದ ಮ್ಯಾಲ ಸಣ್ಣಾತು... ಬದ್... ಬದ್... ನಿಂತು ಹೋತು. ಹಲಿಗಿ ಆರಿರಬೇಕು.

ಮರುದಿನ ಕಂಪ್ಯೂಟರ್ ಹಚ್ಚಿ ಕೇಳಿದ್ರು. ಇತ್ತು! ಸ್ವಚ್ಛ ಇತ್ತು. ಆಲ್ಬಮ್ ಹೊರಗ ಬಂದ ಮ್ಯಾಲ ನರಗುಂದದಾಗ, ಹೊಳೆಆಲೂರಾಗ, ಕೇಳಿದವರೆಲ್ಲಾ ಒಂದs ಮಾತು: "ಕಡೀ ಹಾಡಿನ್ಯಾಗ ಹಲಿಗಿ ಯಾರ್ದು?"

ಸಾಜೀದ ಈ ಹೊಸಾ ಆಲ್ಬಮಿನ ಮೊದಲನೇ ಕ್ಯಾಸೆಟ್ ಅವ್ವಗ ತಂದು ಹಚ್ಚಿದ್ದ. ನಾನೂ ಅಲ್ಲೇ ಇದ್ದೆ. ಚಾಚಿ ಸೆರಗು ತಲಿ ಮ್ಯಾಲ ಎಳಕೊಂಡು, ಕಿವಿ ಟೇಪಿಗೆ ಹಚ್ಚಿ ಕುಂತ್ಳು. ಹಾಡು ಮುಗೀತು. ಕಣ್ಣು ತೆರೆದು ಕೇಳಿದ್ಳು, "ಎಲ್ಲೈತಿ?"

"ಬಂತಲ್ಲಮ್ಮಾ. ಎರಡನೇ ನುಡಿಯಿಂದ..."

"ನಿನ್ನ ದನಿ ಕೇಳ್ತು. ಗಿಟಾರ್ ಕೇಳ್ತು. ಹಲಿಗಿ ಎಲ್ಲೈತೋ?"

ಮತ್ತ ಹಚ್ಚಿದ. ಜೋರು ಮಾಡಿದ. ನಮಗ ಎದಿ ನಡಗೋವಂಗ ಕೇಳಾಕತ್ತಿತ್ತು. ಚಾಚಿ ಕಿವುಡಿ ಅಲ್ಲ, ನಮ್ಮ ಮನ್ಯಾಗ ಹಾಲು ಉಕ್ಕಿದ್ರ ತನ್ನ ಮನಿಯಿಂದ ಕೂಗ್ತಿದ್ಳು. ಆದ್ರ ಅದೊಂದು ಅಕಿಗೆ ಕೇಳವಲ್ದು. ಊರಿಗೆಲ್ಲಾ ಕೇಳ್ತೈತಿ, ಹೆತ್ತಾಕಿಗೆ ಕೇಳವಲ್ದು.

"ನಾ ಕಿಡಕಿ ಮುಚ್ಚತಿದ್ದೆ. ಈಗ ಅವ ಮುಚ್ಚ್ಯಾನ" ಅಂದು ಚಾಚಿ ಗೋಳೋ ಅಂತ ಅತ್ತಳು. ಸಾಜೀದ ಎದ್ದು ಹೊರಗ ಹೋದ.

ಆಮ್ಯಾಲ ಒಂದು ಮಧ್ಯಾಹ್ನ ಗ್ವಾಡಿ ಆ ಕಡಿಯಿಂದ ನನ್ನ ಕರದ್ಳು.

"ಶ್ವೇತಾ, ಬಾರವಾ ಇಲ್ಲಿ. ನಿನಗ ಅದು ಕೇಳಸ್ತೈತಲ್ಲ?"

"ಕೇಳಸ್ತೈತ್ರಿ ಚಾಚಿ."

"ಹ್ಯಾಂಗ ಬಾರಸ್ತಾನ? ನನ್ನ ಕೈ ಮ್ಯಾಲ ಬಾರಿಸಿ ತೋರಸು."

ಅಂಗೈ ಮುಂದ ಹಿಡಿದು, ಕಣ್ಣು ಮುಚ್ಚಿದ್ಳು. ನಾ ಟೇಪ್ ಹಚ್ಚಿದೆ. ಹಲಿಗಿ ಹೆಂಗ ಬರ್ತೈತಿ ಹಂಗs ಎರಡು ಬೆರಳಿಂದ ಅಕಿ ಅಂಗೈ ಮ್ಯಾಲ ತಟ್ಟಕೋಂತ ಹೋದೆ. ಸ್ವಲ್ಪ ಹೊತ್ತಿಗೆ ಚಾಚಿ, "ಹಂಗಲ್ಲ, ತಪ್ಪತು. ಇಲ್ಲಿ ಒಂದು ಪೆಟ್ಟು ಬಿಡ್ತಾನ" ಅಂದ್ಳು. ನಾ ಗಾಬರ್ಯಾದೆ. ಖರೇನs ಅಲ್ಲಿ ಒಂದು ಪೆಟ್ಟು ಬಿಟ್ಟಿದ್ದ. ನಾನs ಹೆಚ್ಚಿಗೆ ತಟ್ಟಿದ್ದೆ.

"ಚಾಚಿ, ನಿಮಗ ಕೇಳಾಕತ್ತೇತೇನ್ರಿ?"

"ಇಲ್ಲವಾ. ಏನೂ ಕೇಳವಲ್ದು."

 ಮುಂದ ತಟ್ಟಾಕ ಆಗಲಿಲ್ಲ. ಮೆಲ್ಲಕ ಬೆರಳು ತಕ್ಕೊಂಡು, ಎರಡೂ ಕೈ ನನ್ನ ತೊಡಿ ಮ್ಯಾಲ ಇಟ್ಟುಕೊಂಡೆ. ಚಾಚಿ ಕಣ್ಣು ತೆರೀಲಿಲ್ಲ. ಟೇಪ್ ನಡದs ಇತ್ತು. ಅಕಿ ಅಂಗೈ ಹಂಗs ಮುಂದ ಇತ್ತು... ಅದರ ನಡುವ ತೊಗಲು ಸಣ್ಣಗ ಒಳಗ ಹೋಗೂದು, ಮ್ಯಾಲ ಬರೂದು. ತಾಳಕ್ಕ ಸರಿಯಾಗಿ.

ಚಾಚಿ ನಕ್ಕಳು. ಮಗ ಹೋದ ಮ್ಯಾಲ ಅಕಿ ನಕ್ಕದ್ದು ನಾ ಅವತ್ತs ನೋಡಿದ್ದು.

"ಹಾಂ... ಈಗ ಬರೋಬ್ಬರಿ ಬಾರಸಾಕತ್ತಿ ನೋಡು, ಶ್ವೇತಾ. ನಿಲ್ಲಸಬ್ಯಾಡ."

ನೀವು ನಂಬ್ರಿ ಬಿಡ್ರಿ. ಖರೇ ಹೇಳ್ತೀನಿ, ನನ್ನ ಎರಡೂ ಕೈ ನನ್ನ ತೊಡಿ ಮ್ಯಾಲ ಇದ್ದುವು.