ಎರಡು ಅಡ್ಡಸಾಲು

ಇಂಡಿ ಪಟ್ಟಣದ ದವಾಖಾನೆಯಲ್ಲಿ ಪಾಳಿಗೆ ಕಾಯುತ್ತಿದ್ದ ನನ್ನೆದುರು ನಮ್ಮೂರಿನ, ತಲೆಗೆ ಪಟ್ಟಿ ಸುತ್ತಿಕೊಂಡ ಗುರಲಿಂಗಪ್ಪ ಕೂತಿದ್ದ. ಪಕ್ಕದಲ್ಲಿ ಮಗಳು ಸುರೇಖಾ ನೋಟುಬುಕ್ಕು ಬಿಚ್ಚಿದ್ದಳು.

"ತಲಿ ಸಿಡ್ಯಾಕತ್ತೈತಿ, ನೀ ಏನ ಬರ್ಯಾಕತ್ತಿ?"

"ಮ್ಯಾಟ್ರಿಕ್ಸ್ ಲೆಕ್ಕ, ಮಾತೃಕೆ ಗುಣಾಕಾರ. ನಾಳೆ ಪರೀಕ್ಷಾ ಐತಿ. ಮೊದಲನೇ ಅಡ್ಡಸಾಲು ನಮ್ಮ ಮನಿಗೆ ಬಿದ್ದದ್ದು: ಮೂರು ಬಡಿಗಿ ಏಟು, ಎರಡು ಕಲ್ಲೇಟು. ಎರಡನೇದು ಕಾಕಾನ ಮನಿಗೆ: ಐದು ಬಡಿಗಿ, ಒಂದು ಕಲ್ಲು."

"ಮುಂದ?"

"ಕಂಬಸಾಲಿನ್ಯಾಗ ಹೊಲಿಗಿ. ಬಡಿಗಿ ಏಟಿಗೆ ನಾಕು, ಕಲ್ಲಿಗೆ ಎರಡು. ಗುಣಿಸಿ ಕೂಡಿಸಿದ್ರ ನಮಗ ಹದಿನಾರು, ಅವರಿಗೆ ಇಪ್ಪತ್ತೆರಡು."

"ಹಂಗಾರ ನಾವ ಗೆದ್ವಿ. ಮತ್ತ ಹೊಲದ ಬದುವಿಗೆ ಬರ್ಲಿ, ಕಡದ ಹಾಕ್ತೇನಿ ಆ ತಮ್ಮನ್ನ."

"ಬಿಡಸಾಕ ಬಂದ ನಿಮ್ಮವ್ವಗೂ ಬಡಿಗಿ ಬಿತ್ತಲ್ಲಪ್ಪಾ, ಒಳಗ ಮಲಗ್ಯಾಳ. ಆಕೀನ್ನ ಯಾವ ಸಾಲಿನ್ಯಾಗ ಬರೀಲಿ?"

ನರ್ಸ್ ಬಾಗಿಲಿಗೆ ಬಂದಳು. "ಸಾತವ್ವನ ಮಗ ಯಾರ್ರಿ?"

ಗುರಲಿಂಗಪ್ಪನೂ, ಆಚೆ ಮೂಲೆಯಲ್ಲಿ ಪಟ್ಟಿ ಸುತ್ತಿಕೊಂಡು ಕೂತಿದ್ದ ಅವನ ತಮ್ಮನೂ ಒಟ್ಟಿಗೇ ಎದ್ದು ಒಳಗೆ ಓಡಿದರು.